ಮುಟ್ಟಲಾಗದ ಸೀರೆಗೂ ನಿಯತ್ತು ಬೇಕು: ವರ್ಚುವಲ್ ಸಂತೆಯಲ್ಲಿ ನಾನು ಕಲಿತ ವ್ಯಾಪಾರ

ಸೆಕೆಂಡ್ ಲೈಫ್‌ನಂಥ ವರ್ಚುವಲ್ ಲೋಕಗಳಲ್ಲಿ ಬಟ್ಟೆ, ಮನೆ, ಕುರ್ಚಿ ಮಾಡಿ ಮಾರುವವರಿದ್ದಾರೆ. ಅಲ್ಲಿನ ಸರಕನ್ನು ಕೊಳ್ಳುವವರು ಮುಟ್ಟಿ ನೋಡಲಾರರು, ವಾಪಸ್ ಕೊಡಲಾರರು. ಹೀಗಿರುವಾಗ ಸರಿಯಾದ ವ್ಯಾಪಾರ ಅಂದರೆ ಏನು?

ಎಂಟು ವಾರದ ಸಂಜೆಗಳನ್ನು ಸುರಿದು ನಾನೊಂದು ಇಳಕಲ್ ಸೀರೆ ಮಾಡಿದ್ದೆ. ಮಗ್ಗ ಇಲ್ಲ, ನೂಲು ಇಲ್ಲ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್ ಮತ್ತು ಒಂದು ಹಳೇ ಲ್ಯಾಪ್‌ಟಾಪ್, ಅಷ್ಟೇ. ಅತ್ತೆಯ ಸೀರೆಯನ್ನು ಮಂಚದ ಮೇಲೆ ಹರಡಿ, ಫೋಟೋ ತೆಗೆದು, ಅದರ ತೋಪು ತೆನಿ ಸೆರಗನ್ನು ನೋಡಿ ನೋಡಿ ಕೈಯಲ್ಲೇ ಪರದೆಯ ಮೇಲೆ ಬಿಡಿಸಿದ್ದೆ. ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದ ಮಾರ್ಕೆಟ್‌ಪ್ಲೇಸ್‌ನಲ್ಲಿ 350 ಲಿಂಡೆನ್ ಡಾಲರ್ ಬೆಲೆ ಹಾಕಿ ಮಾರಾಟಕ್ಕಿಟ್ಟೆ. ನಮ್ಮ ದುಡ್ಡಲ್ಲಿ ನೂರಿಪ್ಪತ್ತು ರೂಪಾಯಿ ಹತ್ತಿರ.

ಮೊದಲ ವಾರವೇ ಒಂದು ಸ್ಟಾರ್‌ನ ರಿವ್ಯೂ ಬಂತು. ಕೊಂಡವರು ಕನ್ನಡದವರೇ, ಹೊರದೇಶದಲ್ಲಿದ್ದ ಧಾರವಾಡ ಕಡೆಯ ಹೆಣ್ಣುಮಗಳು. ನಾನು ಮೆಸೇಜ್ ಮಾಡಿ ಏನಾಯ್ತು ಅಂತ ಕೇಳಿದೆ.

"ನಮ್ಮವ್ವನ ಸೀರಿ ಹಂಗ ಐತಿ ಅಂತ ತಗೊಂಡೆ ರೀ. ಉಟ್ಕೊಂಡು ನಿಂತರ ಹೊಟ್ಟಿ ಸೀರಿ ತೂರಿಕೊಂಡು ಹೊರಗ ಬಂತಲ್ರೀ! ದೀಪಾವಳಿಗೆ ಅಕ್ಕ-ತಂಗಿ ಇಬ್ರೂ ಉಡಬೇಕಂತ ಮಾಡಿದ್ವಿ."

ತಪ್ಪು ಸಂಪೂರ್ಣ ನನ್ನದು. ಸೆಕೆಂಡ್ ಲೈಫ್‌ನಲ್ಲಿ ಅವತಾರ್‌ಗಳ ದೇಹವನ್ನೂ ಬೇರೆ ಬೇರೆ ತಯಾರಕರು ಮಾಡಿ ಮಾರುತ್ತಾರೆ. ಅದಕ್ಕೆ ಮೆಶ್ ಬಾಡಿ ಅಂತಾರೆ. ಒಂದು ಬಾಡಿಗೆ ಅಳತೆ ಮಾಡಿದ ಬಟ್ಟೆ ಇನ್ನೊಂದಕ್ಕೆ ಕೂರುವುದಿಲ್ಲ. ನಾನು ಒಂದೇ ಬಾಡಿಗೆ ಮಾಡಿದ್ದೆ. ಅದನ್ನು ವಿವರಣೆಯ ಕಟ್ಟಕಡೆಯ ಸಾಲಿನಲ್ಲಿ, ಯಾರೂ ಓದದ ಜಾಗದಲ್ಲಿ ಬರೆದಿದ್ದೆ. ಬರೆದಿದ್ದೆ ಅನ್ನೋದು ಕಾನೂನಿಗೆ ಸಾಕಾಗಬಹುದು, ವ್ಯಾಪಾರಕ್ಕೆ ಸಾಕಾಗಲ್ಲ.

ಆ ಒಂದು ರಿವ್ಯೂ ನನಗೆ ಕಲಿಸಿದ್ದನ್ನೂ, ಈ ಸಂತೆಯ ಇಪ್ಪತ್ತು ವರ್ಷಗಳ ಇತಿಹಾಸ ಕಲಿಸುವುದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ತ್ರೀಡಿ ಕಲಿತ ಹುಡುಗ ಹುಡುಗಿಯರು ನಮ್ಮಲ್ಲಿ ಬಹಳ ಇದ್ದಾರೆ. ಕೆಲಸ ಸಿಗದಿದ್ದಾಗ ಅಥವಾ ಇದ್ದ ಕೆಲಸ ಹೋದಾಗ "ಆನ್‌ಲೈನ್‌ನಲ್ಲಿ ಅಸೆಟ್ ಮಾಡಿ ಮಾರು" ಅನ್ನೋ ಸಲಹೆ ಅವರಿಗೆ ಎಲ್ಲ ಕಡೆಯಿಂದ ಬರುತ್ತದೆ. ಹೇಗೆ ಮಾರಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ.

ಏನಿದು ಸಂತೆ?

ಸೆಕೆಂಡ್ ಲೈಫ್ ಶುರುವಾಗಿದ್ದು 2003ರ ಜೂನ್‌ನಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಕಂಪನಿಯದ್ದು. ಅದನ್ನು ಕಟ್ಟಿದವರು ಫಿಲಿಪ್ ರೋಸ್‌ಡೇಲ್. ಇದು ಆಟದ ಥರ ಕಂಡರೂ ಆಟವಲ್ಲ. ಗೆಲ್ಲೋದು ಸೋಲೋದು ಇಲ್ಲ. ಕಂಪನಿ ಕೊಡುವುದು ಬಹುಮಟ್ಟಿಗೆ ಖಾಲಿ ಜಮೀನು. ಮನೆ, ಮರ, ಬಟ್ಟೆ, ಕೂದಲು, ಕುರ್ಚಿ, ನಡಿಗೆಯ ಭಂಗಿ, ಹೆಚ್ಚುಕಡಿಮೆ ಎಲ್ಲವನ್ನೂ ಅಲ್ಲಿ 'ವಾಸ' ಮಾಡುವವರೇ ತಯಾರಿಸಿ ಒಬ್ಬರಿಗೊಬ್ಬರು ಮಾರುತ್ತಾರೆ.

2003ರ ನವೆಂಬರ್‌ನಲ್ಲಿ ಕಂಪನಿ ಒಂದು ದೊಡ್ಡ ತೀರ್ಮಾನ ಘೋಷಿಸಿತು: ಬಳಕೆದಾರರು ಅಲ್ಲಿ ತಯಾರಿಸಿದ್ದರ ಬೌದ್ಧಿಕ ಹಕ್ಕು ಅವರಲ್ಲೇ ಉಳಿಯುತ್ತದೆ. ಆ ಕಾಲದ ಬಹುತೇಕ ಆನ್‌ಲೈನ್ ಆಟಗಳಲ್ಲಿ ನೀವೇನೇ ಮಾಡಿದರೂ ಅದು ಕಂಪನಿಯ ಸ್ವತ್ತಾಗುತ್ತಿತ್ತು. ಇಲ್ಲಿ ಹಾಗಾಗದೇ ಇದ್ದಿದ್ದರಿಂದಲೇ ವ್ಯಾಪಾರ ಬೇರುಬಿಟ್ಟಿತು. ವರ್ಚುವಲ್ ಜಮೀನಿನ ವ್ಯವಹಾರದಿಂದ ಹೆಸರು ಮಾಡಿದ ಆನ್ಶೆ ಚುಂಗ್ ಎಂಬ ಅವತಾರ್ 2006ರ ಮೇ ತಿಂಗಳಲ್ಲಿ ಬಿಸಿನೆಸ್‌ವೀಕ್ ಪತ್ರಿಕೆಯ ಮುಖಪುಟಕ್ಕೂ ಬಂತು. ಆ ಮುಖಪುಟ ನೋಡಿ ಬಂದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಮಾತ್ರ ಕಾಫಿ ಖರ್ಚಿನಷ್ಟು.

ಅಲ್ಲಿನ ನಾಣ್ಯ ಲಿಂಡೆನ್ ಡಾಲರ್. ಸುಮಾರು 250 ಲಿಂಡೆನ್ ಡಾಲರ್ ಸೇರಿದರೆ ಒಂದು ಅಮೆರಿಕನ್ ಡಾಲರ್ ಅಂತ ಲೆಕ್ಕ ಇಟ್ಟುಕೊಳ್ಳಿ. ಕಂಪನಿಯ ಷರತ್ತಿನ ಪ್ರಕಾರ ಅದು ಹಣ ಅಲ್ಲ, ಆ ಲೋಕದೊಳಗೆ ಬಳಸಲು ಕೊಟ್ಟ ಟೋಕನ್. ಆದರೆ ಅದನ್ನು ಕಂಪನಿಯದೇ ವಿನಿಮಯ ಕಟ್ಟೆಯಲ್ಲಿ ಮಾರಿ ನಿಜದ ಡಾಲರ್ ಮಾಡಿಕೊಳ್ಳಬಹುದು. ಹಾಗೆ ಬಂದ ದುಡ್ಡು ಇಲ್ಲಿ ನಿಮ್ಮ ಆದಾಯವೇ. ವರ್ಚುವಲ್ ಅಂತ ಲೆಕ್ಕಕ್ಕೆ ಬಿಟ್ಟುಬಿಡಬೇಡಿ, ಒಬ್ಬ ಸಿಎ ಹತ್ತಿರ ಕೇಳಿ.

ನಾವು ಮಾರುತ್ತಿರುವುದು ಏನನ್ನು?

ಮಾರುವವರೂ ಕೊಳ್ಳುವವರೂ ಅತಿ ಹೆಚ್ಚು ಎಡವುವುದು ಇಲ್ಲೇ. ಅಂಗಡಿಯಲ್ಲಿ ಕುರ್ಚಿ ಕೊಂಡರೆ ಕುರ್ಚಿ ನಿಮ್ಮದು. ಕಾಲು ಕತ್ತರಿಸಿ, ಬಣ್ಣ ಬಳಿಯಿರಿ, ಭಾವನಿಗೆ ಕೊಡಿ, ಗುಜರಿಗೆ ಹಾಕಿ, ಯಾರೂ ಕೇಳಲ್ಲ. ಸೆಕೆಂಡ್ ಲೈಫ್‌ನ ಕುರ್ಚಿಗೆ ಮೂರು ಅನುಮತಿಗಳಿವೆ: ಕಾಪಿ, ಮಾಡಿಫೈ, ಟ್ರಾನ್ಸ್‌ಫರ್. ಕೊಂಡವರಿಗೆ ಇವುಗಳಲ್ಲಿ ಯಾವುದನ್ನು ಕೊಡಬೇಕು ಅಂತ ಮಾರುವ ನಾವು ತೀರ್ಮಾನ ಮಾಡುತ್ತೇವೆ.

ಕಾಪಿ ಇದ್ದರೆ ಒಂದು ಕುರ್ಚಿ ಕೊಂಡು ಮನೆ ತುಂಬ ಹತ್ತು ಕುರ್ಚಿ ಹಾಕಿಕೊಳ್ಳಬಹುದು. ಮಾಡಿಫೈ ಇದ್ದರೆ ಅಳತೆ, ಬಣ್ಣ ಬದಲಾಯಿಸಬಹುದು. ಟ್ರಾನ್ಸ್‌ಫರ್ ಇದ್ದರೆ ಬೇರೆಯವರಿಗೆ ಕೊಡಬಹುದು, ಮಾರಬಹುದು. ಕಾಪಿ, ಟ್ರಾನ್ಸ್‌ಫರ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಏನಾಗುತ್ತೆ ಯೋಚಿಸಿ. ಕೊಂಡ ಪ್ರತಿಯೊಬ್ಬರೂ ನಿಮ್ಮದೇ ಸರಕಿನ ಅಂಗಡಿ ಇಡಬಹುದು. ಹಾಗಾಗಿ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನಷ್ಟೇ ಕೊಡೋದು ರೂಢಿ.

ಎರಡಕ್ಕೂ ಅದರದರ ಕಷ್ಟ ಇದೆ. ಟ್ರಾನ್ಸ್‌ಫರ್ ಮಾತ್ರ ಇದ್ದರೆ ವಸ್ತು ಒಂದೇ ಒಂದು. ತಾಂತ್ರಿಕ ತೊಂದರೆಯಿಂದ ಕಳೆದುಹೋದರೆ ಹೋಯ್ತು. ಕಾಪಿ ಮಾತ್ರ ಇದ್ದರೆ ಕಳೆಯುವ ಭಯವಿಲ್ಲ, ಆದರೆ ತಂಗಿಗೆ ಕೊಡಲಾಗುವುದಿಲ್ಲ. ನನ್ನ ಸೀರೆ ಎರಡನೆಯ ಥರದ್ದು. "ಇಬ್ಬರಿಗೂ ಸೇರಿ ಒಂದು ತಗೊಂಡೀನಿ" ಅಂತ ಆಕೆ ಅಂದುಕೊಂಡಿದ್ದರು. ಬಣ್ಣದ ಅಂಚಿನಲ್ಲಿ ಮೂರು ಇಂಗ್ಲಿಷ್ ಅಕ್ಷರ ಹಾಕಿ ನಾನು ಕೈ ತೊಳೆದುಕೊಂಡಿದ್ದೆ. ಈಗ ವಿವರಣೆಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ: "ಇದನ್ನು ನೀವು ಎಷ್ಟು ಸಲ ಬೇಕಾದರೂ ಬಳಸಬಹುದು, ಬೇರೆಯವರಿಗೆ ಕೊಡಲಾಗದು. ಉಡುಗೊರೆ ಕೊಡುವುದಿದ್ದರೆ ಕೊಳ್ಳುವಾಗಲೇ ಅವರ ಹೆಸರಿಗೆ ಕಳಿಸುವ ಆಯ್ಕೆ ಬಳಸಿ."

ಇನ್ನೊಂದು ಎಚ್ಚರಿಕೆ. ಅನುಮತಿ ತಪ್ಪಾಗಿ ಹಾಕಿ ಮಾರಿಬಿಟ್ಟರೆ ಆಮೇಲೆ ಸರಿಪಡಿಸಿದರೂ, ಆಗಲೇ ಹೋದ ಪ್ರತಿಗಳಿಗೆ ಅದು ತಾಗಲ್ಲ. ಪೆಟ್ಟಿಗೆಯೊಳಗಿನ ಪ್ರತಿ ವಸ್ತುವಿಗೂ, ಅದರೊಳಗಿನ ಸ್ಕ್ರಿಪ್ಟಿಗೂ ಬೇರೆ ಬೇರೆ ಅನುಮತಿ ಇರುತ್ತದೆ. ಎರಡನೇ ಅಕೌಂಟ್ ಮಾಡಿಕೊಂಡು, ನಿಮ್ಮ ಸರಕನ್ನು ನೀವೇ ಗಿರಾಕಿಯಾಗಿ ಕೊಂಡು ನೋಡುವುದು ಇದಕ್ಕಿರುವ ಅತಿ ಸುಲಭದ ಪರೀಕ್ಷೆ.

ಫೋಟೋ ಹೇಳುವ ಸುಳ್ಳು

ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರು ಒತ್ತಿ ನೋಡುತ್ತಾರೆ, ತೊಟ್ಟು ನೋಡುತ್ತಾರೆ. ನಮ್ಮ ಗಿರಾಕಿಗೆ ಇರುವುದು ಒಂದು ಚಿತ್ರ ಮಾತ್ರ. ಆ ಚಿತ್ರವನ್ನು ಫೋಟೋಶಾಪ್‌ನಲ್ಲಿ ತಿದ್ದಿ, ನೆರಳು ಬೆಳಕು ಸೇರಿಸಿ, ಇಲ್ಲದ ಮಡಿಕೆಯನ್ನು ಬರೆದು ಹಾಕುವುದು ಸುಲಭ. ಬಹಳ ಜನ ಹಾಕುತ್ತಾರೆ ಕೂಡ. ಒಂದು ಚಿತ್ರ ಚೆಂದಕ್ಕಿರಲಿ, ತಕರಾರಿಲ್ಲ. ಇನ್ನೊಂದು ಚಿತ್ರ ನಡುಹಗಲಿನ ಸಾಮಾನ್ಯ ಬೆಳಕಿನಲ್ಲಿ, ಏನೂ ತಿದ್ದದೆ, ಹಿಂದಿನಿಂದ ಮುಂದಿನಿಂದ ತೆಗೆದದ್ದು ಇರಲೇಬೇಕು. ಸೀರೆಯಾದರೆ ಕೂತಾಗ, ನಡೆದಾಗ ನೆರಿಗೆ ಹೇಗೆ ಕಾಣುತ್ತೆ ಅನ್ನುವುದನ್ನೂ ತೋರಿಸಬೇಕು. ನಿಂತಾಗ ಎಲ್ಲ ಸೀರೆಯೂ ಚೆಂದವೇ.

ಇದಕ್ಕಿಂತ ದೊಡ್ಡ ಮದ್ದು ಡೆಮೊ. ಮೈಮೇಲೆ 'ಡೆಮೊ' ಅಂತ ದೊಡ್ಡ ಅಕ್ಷರದಲ್ಲಿ ಬರೆದ ಅದೇ ಬಟ್ಟೆಯನ್ನು ಉಚಿತವಾಗಿಯೋ ಒಂದು ಲಿಂಡೆನ್ ಡಾಲರಿಗೋ ಕೊಡುವುದು. ಗಿರಾಕಿ ಹಾಕಿ ನೋಡಿ, ಸರಿಬಂದರೆ ಕೊಳ್ಳುತ್ತಾರೆ. ಡೆಮೊ ಕೊಟ್ಟರೆ ಮಾರಾಟ ಕಮ್ಮಿಯಾಗುತ್ತೆ ಅಂತ ನಾನು ಹೆದರಿದ್ದೆ. ನಿಜ, ಸರಿಹೊಂದದವರು ಕೊಳ್ಳುವುದಿಲ್ಲ. ಅವರು ಕೊಳ್ಳದೇ ಇರುವುದೇ ನನಗೂ ಒಳ್ಳೆಯದು. ನನ್ನ ಸೀರೆಗೆ ಡೆಮೊ ಇದ್ದಿದ್ದರೆ ಆ ಒಂದು ಸ್ಟಾರ್ ಬರುತ್ತಿರಲಿಲ್ಲ.

ಪೀಠೋಪಕರಣ ಮಾರುವವರಿಗೆ ಇನ್ನೊಂದು ಪರೀಕ್ಷೆ ಇದೆ, ಅದೇ ಲ್ಯಾಂಡ್ ಇಂಪ್ಯಾಕ್ಟ್. ವರ್ಚುವಲ್ ಜಮೀನಿನ ಪ್ರತಿ ತುಂಡಿಗೂ ಇಷ್ಟೇ ಸಾಮಾನು ಇಡಬಹುದು ಅಂತ ಮಿತಿ ಇದೆ. ಮೇನ್‌ಲ್ಯಾಂಡ್‌ನಲ್ಲಿ 1024 ಚದರ ಮೀಟರ್ ಜಾಗಕ್ಕೆ 351 ಅಂಕ. ನಿಮ್ಮ ಸೋಫಾ 30 ಅಂಕ ತಿಂದರೆ ಆ ಮನೆಯವರ ಪಾಲಿನ ಸುಮಾರು ಹನ್ನೆರಡರಲ್ಲಿ ಒಂದಂಶ ನಿಮ್ಮ ಸೋಫಾಕ್ಕೇ ಹೋಯ್ತು. ಹಾಗಾಗಿ ಕೊಳ್ಳುವವರು ಮೊದಲು ಆ ಅಂಕಿ ನೋಡುತ್ತಾರೆ, ಮಾರುವವರಿಗೆ ಅದನ್ನು ಕಮ್ಮಿ ತೋರಿಸುವ ಆಸೆ ಹುಟ್ಟುತ್ತದೆ.

ಮೋಸಕ್ಕೆ ದಾರಿ ಇರುವುದೂ ಇಲ್ಲಿಯೇ. ದೂರದಿಂದ ನೋಡುವಾಗ ಕಂಪ್ಯೂಟರಿಗೆ ಹೊರೆ ಆಗಬಾರದು ಅಂತ ಪ್ರತಿ ವಸ್ತುವಿಗೂ ಸರಳ ರೂಪಗಳನ್ನು ತಯಾರಕರೇ ಕೊಡಬೇಕು. ಆ ರೂಪಗಳು ಎಷ್ಟು ಭಾರ ಅನ್ನುವುದರ ಮೇಲೂ ಅಂಕ ನಿಂತಿದೆ. ಕೆಲವರು ದೂರದ ರೂಪವನ್ನು ಬರೀ ನಾಲ್ಕಾರು ತ್ರಿಕೋನಕ್ಕೆ ಇಳಿಸಿಬಿಡುತ್ತಾರೆ. ಅಂಕ ಬೀಳುತ್ತದೆ, ಜಾಹೀರಾತು ಹೊಳೆಯುತ್ತದೆ. ಗಿರಾಕಿ ಹತ್ತು ಹೆಜ್ಜೆ ಹಿಂದೆ ಹೋದರೆ ಸೋಫಾ ಮುರಿದ ಗಾಜಿನ ಚೂರಾಗಿ ಕಾಣುತ್ತದೆ. ಕೇಳಿದರೆ "ನಿಮ್ಮ ವ್ಯೂಅರ್ ಸೆಟ್ಟಿಂಗ್ 4ಕ್ಕೆ ಏರಿಸಿಕೊಳ್ಳಿ" ಅನ್ನುವ ಚೀಟಿ ಕೊಡುತ್ತಾರೆ. ಗಿರಾಕಿ ಏರಿಸಿಕೊಂಡರೂ ಅವರ ಮನೆಗೆ ಬಂದ ನೆಂಟರಿಗೆ ಕಾಣುವುದು ಚೂರೇ. ನಮ್ಮ ಕೆಲಸದ ಭಾರವನ್ನು ಗಿರಾಕಿಯ ಕಂಪ್ಯೂಟರ್ ಮೇಲೆ ಹಾಕುವುದು ಇದು.

ಟೆಕ್ಸ್ಚರ್ ವಿಷಯವೂ ಅಷ್ಟೆ. ಅಂಗಿಯ ಗುಂಡಿಗೆ 1024 ಪಿಕ್ಸೆಲ್‌ನ ಚಿತ್ರ ಹಾಕಿದರೆ ಗುಂಡಿ ಫಳಫಳ ಅನ್ನಬಹುದು. ಅದೇ ಅಂಗಿ ಹಾಕಿದ ಇಪ್ಪತ್ತು ಜನ ಒಂದೆಡೆ ಸೇರಿದರೆ ಎಲ್ಲರ ಪರದೆಯೂ ತೆವಳುತ್ತದೆ. ವರ್ಚುವಲ್ ಲೋಕದಲ್ಲಿ ಜಾಗ, ವೇಗ ಎರಡೂ ಊರ ಕೆರೆ ಇದ್ದ ಹಾಗೆ. ಒಬ್ಬರ ಪಂಪ್‌ಸೆಟ್ ಎಲ್ಲರಿಗೂ ತಟ್ಟುತ್ತದೆ.

ಇದನ್ನೆಲ್ಲ ಮೊದಲೇ ನೋಡಿಕೊಳ್ಳಲು ಒಂದು ಜಾಗವಿದೆ. ಸೆಕೆಂಡ್ ಲೈಫ್‌ನ ಪರೀಕ್ಷಾ ಗ್ರಿಡ್ ಹೆಸರು ಅದಿತಿ, ನಿಜವಾದ ವ್ಯಾಪಾರ ನಡೆಯುವ ಮುಖ್ಯ ಗ್ರಿಡ್ ಹೆಸರು ಅಗ್ನಿ. ಹೌದು, ನಮ್ಮ ಅದಿತಿ, ಅಗ್ನಿಯೇ. ಅದಿತಿಯಲ್ಲಿ ಅಪ್‌ಲೋಡ್ ಮಾಡಿದರೆ ನಿಜದ ದುಡ್ಡು ಖರ್ಚಾಗದು. ಅಲ್ಲಿ ನಾಲ್ಕು ದಿನ ಉಟ್ಟು, ಕೂತು, ಕುಣಿದು ನೋಡದೆ ಯಾವುದನ್ನೂ ಅಗ್ನಿಗೆ ಹಾಕಬೇಡಿ.

ಸರಕು ಎಲ್ಲಿಂದ ಬಂತು?

2006ರ ನವೆಂಬರ್. ಕಾಪಿಬಾಟ್ ಅನ್ನೋ ಪ್ರೋಗ್ರಾಂ ಸೆಕೆಂಡ್ ಲೈಫ್‌ನಲ್ಲಿ ಹರಡಿತು. ಅಲ್ಲಿನ ತಂತ್ರಾಂಶವನ್ನು ಅರ್ಥಮಾಡಿಕೊಳ್ಳಲು ಹೊರಟ ಒಂದು ಮುಕ್ತ ತಂತ್ರಾಂಶ ಗುಂಪಿನ ಕೆಲಸದಿಂದ ಹುಟ್ಟಿದ ಉಪಕರಣ ಅದು. ಕಣ್ಣಿಗೆ ಕಂಡ ವಸ್ತುವನ್ನು, ಅನುಮತಿಯ ಹಂಗಿಲ್ಲದೆ ನಕಲು ಮಾಡುತ್ತಿತ್ತು. ವ್ಯಾಪಾರಿಗಳು ಗಾಬರಿಯಾದರು, ಹಲವರು ಪ್ರತಿಭಟಿಸಿ ಅಂಗಡಿ ಬಾಗಿಲು ಹಾಕಿದರು. ಕಂಪನಿ ಅಂಥ ಬಳಕೆ ನಿಯಮದ ಉಲ್ಲಂಘನೆ ಅಂತ ಸಾರಬೇಕಾಯಿತು. ಮರುವರ್ಷ, 2007ರಲ್ಲಿ, ತನ್ನ ವರ್ಚುವಲ್ ಮಂಚವನ್ನು ನಕಲು ಮಾಡಿ ಮಾರಿದರು ಅಂತ ಒಬ್ಬ ವ್ಯಾಪಾರಿ ಫ್ಲೋರಿಡಾದ ಫೆಡರಲ್ ಕೋರ್ಟಿಗೇ ಹೋದ.

ಈ ಕಥೆಯ ಸಾರ ಏನಂದರೆ, ಪರದೆಯ ಮೇಲೆ ಕಾಣಬೇಕಾದ ವಸ್ತುವನ್ನು ಪೂರ್ತಿ ಬೀಗ ಹಾಕಿ ಇಡಲಾಗದು. ಕಾಣಿಸಬೇಕಾದರೆ ಅದು ಗಿರಾಕಿಯ ಕಂಪ್ಯೂಟರಿಗೆ ಹೋಗಲೇಬೇಕು, ಹೋದದ್ದನ್ನು ಕದಿಯಬಹುದು. ಕದ್ದವರ ಮೇಲೆ ದೂರು ಕೊಡಲು ಅಮೆರಿಕದ ಡಿಎಂಸಿಎ ಕಾಯ್ದೆಯ ದಾರಿ ಇದೆ. ಅದನ್ನು ಬಳಸಿ, ನಿಮ್ಮ ಮೂಲ ಫೈಲುಗಳನ್ನು ತಾರೀಖಿನ ಸಮೇತ ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಕಳ್ಳನಿಗೆ ನಕಲು ಮಾಡಲಾಗದ್ದೂ ಒಂದಿದೆ. ತಪ್ಪಾದಾಗ ಉತ್ತರ ಕೊಡುವ ಮನುಷ್ಯ, ಆರು ತಿಂಗಳಾದ ಮೇಲೆ ಬರುವ ಹೊಸ ಆವೃತ್ತಿ, ಅಂಗಡಿಯ ಹೆಸರಿನ ಮೇಲಿನ ನಂಬಿಕೆ. ಕಾಪಿಬಾಟ್ ಬಂದ ಮೇಲೂ ಆ ಸಂತೆ ಸಾಯದೇ ಇದ್ದದ್ದು ಇದರಿಂದಲೇ ಅಂತ ನನ್ನ ಅನಿಸಿಕೆ.

ಕಳ್ಳರನ್ನು ಬೈಯುವ ಮೊದಲು ನಮ್ಮ ಚೀಲ ನೋಡಿಕೊಳ್ಳಬೇಕು. ಇಂಟರ್ನೆಟ್‌ನಲ್ಲಿ 'ಫ್ರೀ' ಅಂತ ಸಿಗುವ ಮಾಡೆಲ್‌ಗಳಲ್ಲಿ ಎಷ್ಟೋ ಯಾವುದೋ ಆಟದಿಂದ ಕಿತ್ತು ತಂದವು. ಉಚಿತ ಟೆಕ್ಸ್ಚರ್‌ಗಳಲ್ಲಿ ಕೆಲವನ್ನು ಸ್ವಂತಕ್ಕೆ ಬಳಸಬಹುದು, ಮಾರುವಂತಿಲ್ಲ. ಸೆಕೆಂಡ್ ಲೈಫ್‌ನಲ್ಲೇ 'ಫುಲ್ ಪರ್ಮ್' ಅನ್ನೋ ಸರಕಿದೆ: ಒಬ್ಬರು ಮಾಡಿದ ಮೆಶ್‌ಗೆ ನೀವು ಬಣ್ಣ ಹಾಕಿ ಮಾರಿಕೊಳ್ಳಬಹುದು, ಆದರೆ ಮುಂದಿನವರಿಗೆ ಪೂರ್ತಿ ಅನುಮತಿ ಕೊಡಬಾರದು ಅನ್ನುವಂಥ ಷರತ್ತು ಇರುತ್ತದೆ. ಆ ಷರತ್ತಿನ ಚೀಟಿ ಓದದೆ ಮಾರಿದರೆ ನಿಮ್ಮೊಬ್ಬರ ತಪ್ಪಿಗೆ ಮೂಲ ತಯಾರಕರ ಹೊಟ್ಟೆಪಾಡು ಹೋಗುತ್ತದೆ. ಒಂದು ಪುಸ್ತಕದಲ್ಲೋ ಶೀಟ್‌ನಲ್ಲೋ ಪ್ರತಿ ಸರಕಿಗೂ ಬರೆದಿಡಿ: ಆಕಾರ ಯಾರದು, ಚಿತ್ರ ಯಾರದು, ಸ್ಕ್ರಿಪ್ಟ್ ಯಾರದು, ಲೈಸೆನ್ಸ್ ಏನು.

ನನ್ನ ಸೀರೆಗೆ ಇನ್ನೊಂದು ಪ್ರಶ್ನೆ ಇತ್ತು. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಬಾಗಲಕೋಟೆ ಜಿಲ್ಲೆಯ ಆ ಊರಿನಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಸೇರಿಸುವ ನೇಕಾರರ ದುಡಿಮೆಯ ಹೆಸರು ಅದು. ನಾನು ನೇಯ್ದವನಲ್ಲ, ನೋಡಿ ಬಿಡಿಸಿದವನು. ಮೊದಲು ನಾನು "ಅಸಲಿ ಇಳಕಲ್ ಕೈಮಗ್ಗ" ಅಂತ ಕೀವರ್ಡ್ ಹಾಕಿದ್ದೆ, ಹುಡುಕುವವರಿಗೆ ಸಿಗಲಿ ಅಂತ. ಪರದೆಯ ಮೇಲಿನ ಸೀರೆಯನ್ನು ಯಾರೂ ಕೈಮಗ್ಗದ್ದು ಅಂತ ನಂಬಿ ಕೆಡಲ್ಲ, ಸರಿ. ಆದರೂ ಅವರ ಹೆಸರಿನ ಮರ್ಯಾದೆಯನ್ನು ನನ್ನ ಸರಕಿಗೆ ಅಂಟಿಸಿಕೊಂಡ ಹಾಗಾಯ್ತಲ್ಲ? ಈಗ "ಇಳಕಲ್ ಸೀರೆಯ ಮಾದರಿ ನೋಡಿ ಮಾಡಿದ್ದು" ಅಂತಷ್ಟೇ ಇದೆ. ಕೆಳಗೆ ಎರಡು ಸಾಲಿನಲ್ಲಿ ಆ ಊರಿನ, ಆ ನೇಯ್ಗೆಯ ಪರಿಚಯ ಇದೆ. ಸಂಬಂಧವಿಲ್ಲದ ಕೀವರ್ಡ್ ತುಂಬುವುದು ಮಾರ್ಕೆಟ್‌ಪ್ಲೇಸ್ ನಿಯಮಕ್ಕೂ ವಿರುದ್ಧವೇ.

ಬೆಲೆ, ಆಸೆ ಮತ್ತು ಜೂಜು

ಲೆಕ್ಕ ಬಿಡಿಸಿ ಹೇಳುತ್ತೇನೆ. 350ಕ್ಕೆ ಒಂದು ಸೀರೆ ಮಾರಿದರೆ ಮಾರ್ಕೆಟ್‌ಪ್ಲೇಸ್ ಶೇ. 10 ಕಮಿಷನ್ ಹಿಡಿಯುತ್ತದೆ. ಉಳಿದದ್ದು 315. ನೂರು ಸೀರೆ ಮಾರಿದರೆ 31,500 ಲಿಂಡೆನ್ ಡಾಲರ್, ಅಂದರೆ ಸುಮಾರು 126 ಅಮೆರಿಕನ್ ಡಾಲರ್. ಹನ್ನೊಂದು ಸಾವಿರ ರೂಪಾಯಿ ಆಸುಪಾಸು. ಅದನ್ನು ಹೊರಗೆ ತೆಗೆಯುವಾಗ ಮತ್ತೆ ಶುಲ್ಕಗಳಿವೆ. ಎಂಟು ವಾರದ ಸಂಜೆಗಳಿಗೆ ಇದು ಕೂಲಿ ಅಲ್ಲ. ಇನ್ನೂರನೇ, ಐನೂರನೇ ಸೀರೆ ಮಾರಿದಾಗ ಮಾತ್ರ ಕೂಲಿ ಗಿಟ್ಟುತ್ತದೆ, ಯಾಕೆಂದರೆ ಎರಡನೇ ಪ್ರತಿ ಮಾಡಲು ಖರ್ಚಿಲ್ಲ.

ಖರ್ಚಿಲ್ಲ ಅನ್ನುವುದೇ ಬಲೆ ಕೂಡ. ಪಕ್ಕದವರು 350 ಇಟ್ಟರೆ ನಾನು 200, ಇನ್ನೊಬ್ಬರು 99, ಮತ್ತೊಬ್ಬರು ಉಚಿತ. ತಳ ಮುಟ್ಟಿದ ಮೇಲೆ ಯಾರಿಗೂ ಸರಕನ್ನು ಸರಿಪಡಿಸುವ, ಗಿರಾಕಿಗೆ ಉತ್ತರಿಸುವ ಚೈತನ್ಯ ಉಳಿಯಲ್ಲ. ಹೊಸಬರಿಗೆ ನನ್ನ ಸಲಹೆ: ಬೆಲೆಯಲ್ಲಿ ಮಾರುವ ಖರ್ಚಿನ ಜೊತೆ ಮಾರಿದ ಮೇಲಿನ ಕೆಲಸವನ್ನೂ ಸೇರಿಸಿ. ರಿಯಾಯಿತಿ ಕೊಡುವುದಿದ್ದರೆ ನಿಜವಾಗಿ ಕೊಡಿ. ಎಂದೂ ಮಾರದ 700ರ ಬೆಲೆಯನ್ನು ಹೊಡೆದುಹಾಕಿ 350 ಬರೆಯಬೇಡಿ. ಹಿಂದಿನ ವಾರ ಪೂರ್ತಿ ಬೆಲೆ ಕೊಟ್ಟವರು ನಿಮ್ಮ ಅಂಗಡಿಯ ಗ್ರೂಪ್‌ನಲ್ಲೇ ಇರುತ್ತಾರೆ, ನೋಡುತ್ತಿರುತ್ತಾರೆ.

ಬೆಲೆಯ ಹೆಸರಲ್ಲಿ ನಡೆದ ದೊಡ್ಡ ಪಾಠ ಗಾಚಾ. ಜಪಾನಿನ ಆಟಿಕೆ ಯಂತ್ರದ ಹೆಸರು ಅದು. ಸ್ವಲ್ಪ ಲಿಂಡೆನ್ ಡಾಲರ್ ಹಾಕಿ, ಯಂತ್ರ ತನಗೆ ತೋಚಿದ ವಸ್ತು ಉಗುಳುತ್ತದೆ. ಅಪರೂಪದ ವಸ್ತು ಬೇಕಾದರೆ ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ನಮ್ಮ ಜಾತ್ರೆಯ ಲಕ್ಕಿ ಡಿಪ್ ಇದ್ದ ಹಾಗೆ. ವರ್ಷಗಳ ಕಾಲ ಎಷ್ಟೋ ತಯಾರಕರ ಅಂಗಡಿ ನಡೆದದ್ದೇ ಇದರಿಂದ. ಅತ್ತ 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಕೆಲವು ವಿಡಿಯೋ ಗೇಮ್‌ಗಳ ಇಂಥದೇ ಪೆಟ್ಟಿಗೆಗಳನ್ನು ಜೂಜು ಅಂತ ತೀರ್ಮಾನಿಸಿತು. ಬದಲಾಗುತ್ತಿರುವ ಕಾನೂನಿನ ವಾತಾವರಣವನ್ನು ಮುಂದಿಟ್ಟು ಲಿಂಡೆನ್ ಲ್ಯಾಬ್ 2021ರ ಆಗಸ್ಟ್ ಕೊನೆಗೆ ಗಾಚಾ ಮಾರಾಟ ನಿಲ್ಲಿಸಿತು. ಮುಂದೆ ಏನು ಸಿಗುತ್ತದೆ ಅಂತ ಗಿರಾಕಿಗೆ ಮೊದಲೇ ಕಾಣುವ ಯಂತ್ರಗಳಿಗೆ ಅಡ್ಡಿಯಿಲ್ಲ ಅಂದಿತು.

ಬೇರೆ ಏನೂ ನೆನಪಿಲ್ಲದಿದ್ದರೂ ಈ ಒಂದು ಗೆರೆ ನೆನಪಿಟ್ಟುಕೊಳ್ಳಿ. ದುಡ್ಡು ಕೊಡುವ ಮೊದಲು ಏನು ಸಿಗುತ್ತೆ ಅಂತ ಗೊತ್ತಿದ್ದರೆ ಅದು ವ್ಯಾಪಾರ. ಗೊತ್ತಿಲ್ಲದೇ ಇರುವುದೇ ನಿಮ್ಮ ಲಾಭದ ಮೂಲವಾದರೆ, ಅದು ಬೇರೆ ಏನೋ.

ಮಾರಿದ ಮೇಲೆ

ನನ್ನ ಸೀರೆಗೆ ವಾಪಸ್ ಬರೋಣ. ದುಡ್ಡು ವಾಪಸ್ ಕೊಡುವುದು ಇಲ್ಲಿ ವಿಚಿತ್ರ ಸಂಗತಿ. ಟ್ರಾನ್ಸ್‌ಫರ್ ಇಲ್ಲದ ವಸ್ತುವನ್ನು ಗಿರಾಕಿ ಹಿಂದಿರುಗಿಸಲು ಆಗುವುದೇ ಇಲ್ಲ. ನಾನು ದುಡ್ಡು ಕೊಟ್ಟರೂ ಸೀರೆ ಅವರ ಪೆಟ್ಟಿಗೆಯಲ್ಲೇ ಇರುತ್ತದೆ. ಇದೇ ನೆಪದಲ್ಲಿ ಬಹಳ ಅಂಗಡಿಗಳು "ರೀಫಂಡ್ ಇಲ್ಲ" ಅಂತ ಬೋರ್ಡ್ ಹಾಕುತ್ತವೆ. ನಿಯಮ ಬಹುಮಟ್ಟಿಗೆ ಅದನ್ನು ಮಾರುವವರಿಗೇ ಬಿಟ್ಟಿದೆ.

ನಾನು 350 ಕಳಿಸಿದೆ. ಕಳಿಸಿದ್ದಕ್ಕೆ ಆಕೆ ಅಂದದ್ದು ಇನ್ನೂ ನೆನಪಿದೆ. "ದುಡ್ಡಿನ ಮಾತಲ್ಲ ಬಿಡ್ರೀ. ನೂರು ರೂಪಾಯಿ ಯಾರಿಗೆ ಬೇಕಾಗೇತಿ. ಸೀರಿ ಸರಿ ಮಾಡಿ ಕೊಡ್ರಿ."

ಮೂರು ವಾರ ಹಿಡಿಯಿತು. ಇನ್ನೆರಡು ಬಾಡಿಗಳಿಗೆ ಅಳತೆ ಮಾಡಿದೆ, ಸೀರೆಯ ಕೆಳಗಿನ ಮೈ ಭಾಗ ತಾನಾಗಿ ಮರೆಯಾಗುವ ಹಾಗೆ ಮಾಡಿದೆ. ಕೊಂಡ ಎಲ್ಲರಿಗೂ ಹೊಸ ಆವೃತ್ತಿಯನ್ನು ದುಡ್ಡಿಲ್ಲದೆ ಕಳಿಸಿದೆ. ಇದು ಔದಾರ್ಯ ಅಲ್ಲ. ಅವರು ದುಡ್ಡು ಕೊಟ್ಟಿದ್ದು ಉಡಲು ಬರುವ ಸೀರೆಗೆ, ಅದನ್ನು ನಾನು ತಡವಾಗಿ ತಲುಪಿಸಿದೆ ಅಷ್ಟೇ.

ಇದಲ್ಲದೆ ಕೆಲವು ಸಣ್ಣ ಶಿಸ್ತುಗಳಿವೆ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ: ಹೇಗೆ ಉಡಬೇಕು, ಯಾವ ಬಾಡಿಗೆ ಬರುತ್ತೆ, ತೊಂದರೆಯಾದರೆ ಯಾರಿಗೆ ಬರೆಯಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತೆ. ಸ್ವಂತ ಅಂಗಡಿ ಇದ್ದರೆ, ಕಳೆದುಕೊಂಡವರು ಮತ್ತೆ ಪಡೆಯುವ ಯಂತ್ರ ಇಡಿ. ಕೆಟ್ಟ ರಿವ್ಯೂಗೆ ಕೆಳಗೇ ಉತ್ತರ ಬರೆಯಬಹುದು. ಜಗಳ ಆಡಬೇಡಿ, ಏನು ಸರಿ ಮಾಡಿದಿರಿ ಅಂತ ಬರೆಯಿರಿ. ಆ ಉತ್ತರ ರಿವ್ಯೂ ಬರೆದವರಿಗಿಂತ ಮುಂದಿನ ಗಿರಾಕಿಗೆ ಹೆಚ್ಚು ಬೇಕು. ಗೆಳೆಯರಿಂದ ಐದು ಸ್ಟಾರ್ ಹಾಕಿಸುವ ಆಸೆ ಬರುತ್ತದೆ, ಬಿಟ್ಟುಬಿಡಿ.

ಜಮೀನು ಯಾರದು?

ಇಷ್ಟೆಲ್ಲ ನಿಯತ್ತಾಗಿ ಮಾಡಿದರೂ ನೆಲ ನಮ್ಮದಲ್ಲ ಅನ್ನುವುದನ್ನು ಮರೆಯಬಾರದು. ಮಾರ್ಕೆಟ್‌ಪ್ಲೇಸ್ ಕಮಿಷನ್ ಮೊದಲು ಶೇ. 5 ಇತ್ತು, 2019ರ ಕೊನೆಯಲ್ಲಿ ಶೇ. 10 ಆಯ್ತು. ರೋಬ್ಲಾಕ್ಸ್‌ನ ಮಾರುಕಟ್ಟೆಯಲ್ಲಿ ಅವತಾರ್ ವಸ್ತು ಮಾರಿದರೆ ತಯಾರಕರಿಗೆ ಸಿಗುವ ಪಾಲೇ ಶೇ. 30. ದರ ಏರಿಸುವಾಗ ನಮ್ಮನ್ನು ಕೇಳಿ ಏರಿಸಲ್ಲ.

ಲೋಕವೇ ಮುಚ್ಚಿಹೋಗುವುದೂ ಉಂಟು. ಗೂಗಲ್‌ನ ಲೈವ್ಲಿ 2008ರ ಜುಲೈನಲ್ಲಿ ಶುರುವಾಗಿ ಅದೇ ಡಿಸೆಂಬರ್ ಕೊನೆಗೆ ಬಾಗಿಲು ಹಾಕಿತು. ಮೈಕ್ರೋಸಾಫ್ಟ್ ಕೈಯಲ್ಲಿದ್ದ ಆಲ್ಟ್‌ಸ್ಪೇಸ್ 2023ರ ಮಾರ್ಚ್‌ನಲ್ಲಿ ನಿಂತಿತು. ಅಲ್ಲಿ ಜನ ಕಟ್ಟಿಕೊಂಡಿದ್ದ ಜಾಗಗಳೂ ಅದರ ಜೊತೆಗೇ ಹೋದವು. ಹಾಗಾಗಿ ಒಂದೇ ಲೋಕವನ್ನು ನಂಬಿ ಕೂರಬೇಡಿ. ಮೂಲ ಬ್ಲೆಂಡರ್ ಫೈಲ್ ನಿಮ್ಮ ಹತ್ತಿರ ಇರಲಿ. ಗಿರಾಕಿಯನ್ನು ತಲುಪಲು ಆ ಲೋಕದ ಹೊರಗೂ ಒಂದು ದಾರಿ ಇರಲಿ.

ಈ ಅಪಾಯ ನಮಗಷ್ಟೇ ಅಲ್ಲ, ಕೊಂಡವರಿಗೂ ಇದೆ. ಅವರು ಕೊಂಡದ್ದು ಸ್ವತ್ತಲ್ಲ, ಆ ಲೋಕ ಇರುವತನಕ ಬಳಸುವ ಅವಕಾಶ. ಅದಕ್ಕೇ "ಜೀವಮಾನಪೂರ್ತಿ ನಿಮ್ಮದು" ಅನ್ನೋ ಮಾತನ್ನು ನಾನು ಎಲ್ಲೂ ಬಳಸಲ್ಲ. ಕೊಡಲಾಗದ ಭರವಸೆ ಅದು. ನಿಯಮ ರೂಪಿಸುವ ಶಕ್ತಿ ಕಂಪನಿಯ ಕೈಲಿದೆ, ನಿಜ. ಆದರೆ ಏನನ್ನು ಮಾರುತ್ತಿದ್ದೇವೆ ಅಂತ ಗಿರಾಕಿಗೆ ನೇರವಾಗಿ ಹೇಳುವುದನ್ನು ಯಾವ ಕಂಪನಿಯೂ ತಡೆದಿಲ್ಲ.

ಆ ದೀಪಾವಳಿಗೆ ಅಕ್ಕತಂಗಿ ಇಬ್ಬರೂ ಸೀರೆ ಉಟ್ಟರು. ತಂಗಿಯದು ಆಕೆಯೇ ಬೇರೆ ಕೊಂಡದ್ದು, ಪೂರ್ತಿ ದುಡ್ಡು ಕೊಟ್ಟು. ಒಬ್ಬರು ಇರುವುದು ಒಂದು ದೇಶ, ಇನ್ನೊಬ್ಬರು ಇನ್ನೊಂದು ದೇಶ. ವರ್ಚುವಲ್ ಅಂಗಳದಲ್ಲಿ ಅಕ್ಕಪಕ್ಕ ನಿಂತ ಚಿತ್ರ ಕಳಿಸಿ, "ಅವ್ವಗೂ ತೋರಿಸಿದ್ವಿ ರೀ" ಅಂತ ಬರೆದಿದ್ದರು.

ಆ ಒಂದು ಸ್ಟಾರ್‌ನ ರಿವ್ಯೂ ಅಲ್ಲೇ ಇದೆ, ಆಕೆ ತೆಗೆದಿಲ್ಲ. ತೆಗೆಯಿರಿ ಅಂತ ನಾನೂ ಕೇಳಿಲ್ಲ. ಅದರ ಕೆಳಗೆ ನನ್ನ ಉತ್ತರವೂ ಇದೆ. ಹೊಸದಾಗಿ ಕೊಳ್ಳುವವರು ಎರಡನ್ನೂ ಓದುತ್ತಾರೆ, ಡೆಮೊ ಹಾಕಿ ನೋಡುತ್ತಾರೆ, ಆಮೇಲೆ ಕೊಳ್ಳುತ್ತಾರೆ.